ಮೈಲಿನ್

ನರತಂತುವಿನ ಹೊದಿಕೆಗೆ 1854ರಲ್ಲಿ ಈ ಹೆಸರಿಟ್ಟವರು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ. ಗ್ರೀಕಿನ ‘ಮ್ಯುಯೆಲೊಸ್’ ಎಂದರೆ ಮಜ್ಜೆ. ಹೊರಗಿನ ಪೊರೆಗೆ ಒಳಗಿನ ತಿರುಳಿನ ಹೆಸರು, ವಿಚಿತ್ರವೇ!

ಹುನಗುಂದ, ಇಳಕಲ್ ಕಡೆ ಈ ಹೊದಿಕೆ ಕೆಡುವ ರೋಗಗಳೆಲ್ಲ ‘ನರದ ಬ್ಯಾನಿ’. ದೇಹದ ರೋಗನಿರೋಧಕ ಶಕ್ತಿಯೇ ಮಗುವಿನ ಮಿದುಳಿನ ಮೈಲಿನ್ ಮೇಲೆ ಎರಗಿದರೆ ಕೈಕಾಲು ಸೋಲುತ್ತವೆ, ಕಣ್ಣು ಮಂಜಾಗುತ್ತದೆ. ಚಿಕಿತ್ಸೆಯಿಂದ ಹುಡುಗ ಮತ್ತೆ ಓಡಾಡಿದರೂ ಕೆಲವೊಮ್ಮೆ ಗಮನ, ನೆನಪು, ಗ್ರಹಿಕೆಯ ವೇಗ ಕುಂದಿರುತ್ತವೆ: ಹಲಗೆಯ ಮೇಲಿನ ಲೆಕ್ಕ ಬರೆದುಕೊಳ್ಳುವಷ್ಟರಲ್ಲಿ ಮಾಸ್ತರು ಅದನ್ನು ಅಳಿಸಿರುತ್ತಾರೆ. ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮನೋವಿಜ್ಞಾನಿಗಳು ಗಮನ, ನೆನಪಿನಂಥ ಈ ಶಕ್ತಿಗಳನ್ನು ಪರೀಕ್ಷಿಸುತ್ತಾರೆ. ಪುನಶ್ಚೇತನವೆಂದರೆ ಗಮನದ ಅಭ್ಯಾಸ, ಪಾಠದ ನಡುವೆ ವಿರಾಮ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ. ಮೈಲಿನ್ ಕೆಡುವ ರೋಗಗಳ ಗುಂಪಿಗೇ ಸೇರಿದ ಮಲ್ಟಿಪಲ್ ಸ್ಕ್ಲೆರೋಸಿಸ್ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ.