ಗುಡಿಗಾರರ ಗಂಧದ ಪೆಟ್ಟಿಗೆ

ವಸ್ತುಪ್ರದರ್ಶನಶಾಲೆಗಳಲ್ಲಿ ಗಾಜಿನ ಕಪಾಟುಗಳೊಳಗೆ ಇರಿಸಿದ ಶ್ರೀಗಂಧದ ಕೆತ್ತನೆಯ ಪೆಟ್ಟಿಗೆಗಳನ್ನು ಕಾಣದವರು ನಮ್ಮಲ್ಲಿ ವಿರಳ. ಅವುಗಳ ಬಳಿಯ ಚೀಟಿಯಲ್ಲಿ ‘ಮೈಸೂರು ಕೆಲಸ’ವೆಂದೋ ‘ಕೆನರಾ ಕೆಲಸ’ವೆಂದೋ ಬರೆದಿರುವುದುಂಟು, ಮಾಡಿದವನ ಹೆಸರನ್ನು ಬರೆದಿರುವುದು ಅಪರೂಪ. ಈ ಹೆಸರುಗಳು ರಾಜ್ಯದ ಗಡಿಯನ್ನು ಹೇಳುತ್ತವೆಯೇ ಹೊರತು ಪೆಟ್ಟಿಗೆ ಹುಟ್ಟಿದ ಮನೆಯನ್ನು ಹೇಳುವುದಿಲ್ಲ. ಆ ಮನೆ ಮಲೆನಾಡಿನ ಮತ್ತು ಅದರ ಕೆಳಗಣ ಕರಾವಳಿಯ ಗುಡಿಗಾರರದು. ಪೆಟ್ಟಿಗೆಯ ರೂಪವು ಹಾಗೇಕೆ ಆಯಿತೆಂಬುದಕ್ಕೆ ಉತ್ತರವೂ ಆ ಮನೆಯ ಜಗಲಿಯಲ್ಲಿಯೇ ದೊರೆಯುತ್ತದೆಂಬುದನ್ನು ಈ ಲೇಖನದಲ್ಲಿ ಯಥಾಮತಿಯಾಗಿ ನಿರೂಪಿಸುತ್ತೇನೆ.

ಮೊದಲು ಶಬ್ದವಿಚಾರ. ‘ಪೆಟ್ಟಿಗೆ’ ಎಂಬುದು ‘ಪೇಟಿಕಾ’ ಶಬ್ದದ ತದ್ಭವವೆಂದು ಪಂಡಿತರು ಹೇಳುವುದುಂಟು. ಆದರೆ ತಮಿಳಿನಲ್ಲಿ ‘ಪೆಟ್ಟಿ’, ತೆಲುಗಿನಲ್ಲಿ ‘ಪೆಟ್ಟೆ’ ಎಂಬ ರೂಪಗಳಿರುವುದರಿಂದ ಇದು ದ್ರಾವಿಡದ ಸ್ವಂತ ಪದವಾಗಿದ್ದು ಸಂಸ್ಕೃತವೇ ಇಲ್ಲಿಂದ ಪಡೆದಿರಲೂಬಹುದು. ‘ಕರಡಿಗೆ’ಯಾದರೋ ‘ಕರಂಡಿಕಾ’ ಶಬ್ದದಿಂದ ಬಂದು, ವೀರಶೈವರಲ್ಲಿ ಇಷ್ಟಲಿಂಗವನ್ನಿಡುವ ಸಂಪುಟಕ್ಕೆ ನೆಲೆನಿಂತ ಹೆಸರಾಗಿದೆ. ಅಮರಸಿಂಹನು ಪೇಟಾ, ಮಂಜೂಷಾ ಎಂಬ ದೊಡ್ಡ ಪೆಟ್ಟಿಗೆಗಳ ಹೆಸರುಗಳನ್ನು ಶಿಲ್ಪಿಗಳ ಕೆಲಸಗಳು ಬರುವ ಶೂದ್ರವರ್ಗದಲ್ಲಿ ಹೇಳಿ, ಸಮುದ್ಗಕ, ಸಂಪುಟಕ ಎಂಬ ಚಿಕ್ಕವುಗಳನ್ನು ಬಾಚಣಿಗೆಯೇ ಮೊದಲಾದ ಅಲಂಕಾರಸಾಮಗ್ರಿಗಳೊಡನೆ ಮನುಷ್ಯವರ್ಗದಲ್ಲಿ ಸೇರಿಸಿದ್ದಾನೆ. ಮಾಡುವವನ ಕಡೆಯಿಂದ ನೋಡಿದರೆ ಒಂದು ವರ್ಗ, ಬಳಸುವವನ ಕಡೆಯಿಂದ ನೋಡಿದರೆ ಇನ್ನೊಂದು. ನಾವು ಕಪಾಟಿನ ಪೆಟ್ಟಿಗೆಯನ್ನು ಇದುವರೆಗೆ ಎರಡನೆಯ ಕಡೆಯಿಂದಲೇ ನೋಡುತ್ತ ಬಂದಿದ್ದೇವೆ.

ಬೇಕಾದ ಅಳತೆಗೆ ಪೆಟ್ಟಿಗೆಯನ್ನು ಮಾಡಿಸುವ ಪದ್ಧತಿ ಹಳೆಯದು. ಕಥಾಸರಿತ್ಸಾಗರದಲ್ಲಿ ವರರುಚಿಯ ಪತ್ನಿಯಾದ ಉಪಕೋಶೆಯು ತನ್ನನ್ನು ಕಾಡಿದ ದುಷ್ಟರನ್ನು ಸೆರೆಹಿಡಿಯುವುದಕ್ಕಾಗಿ ಹೊರಗಡೆ ಅಗುಳಿಯುಳ್ಳ ದೊಡ್ಡ ಮಂಜೂಷೆಯೊಂದನ್ನು ಮಾಡಿಸುತ್ತಾಳೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಯ್ಯಾಸನಗಳಿಗೆ ಪ್ರಶಸ್ತವಾದ ಮರಗಳನ್ನು ಎಣಿಸುವಾಗ ಚಂದನ, ಶಾಕ, ಶಿಂಶಪಾಗಳನ್ನು ಹೆಸರಿಸಿದ್ದಾನೆ. ಆದರೆ ಚಂದನದ ಹಲಗೆ ಎಷ್ಟು ಅಗಲ ದೊರೆಯುವುದೆಂಬ ಬಡಗಿಯ ಚಿಂತೆ ಗ್ರಂಥಕಾರನದಲ್ಲ. ಅದನ್ನು ನಾವು ಬೇರೆಡೆ ಹುಡುಕಬೇಕು.

ಗುಡಿಗಾರರು ಸೊರಬ, ಸಾಗರ, ಸಿದ್ದಾಪುರ, ಶಿರಸಿ, ಹೊನ್ನಾವರ, ಕುಮಟಾ ಈ ಸೀಮೆಗಳಲ್ಲಿ ನೆಲಸಿದ ಶಿಲ್ಪಿಗಳು. ತಮ್ಮ ಪೂರ್ವಿಕರು ಗೋವೆಯ ಕಡೆಯಿಂದ ಬಂದವರೆಂಬ ಐತಿಹ್ಯ ಅವರಲ್ಲಿದೆ. ಹೆಸರು ಸೂಚಿಸುವಂತೆ ಗುಡಿಯ ಕೆಲಸವೇ ಅವರ ಮೂಲವೃತ್ತಿ: ದೇವರ ಮೂರ್ತಿ, ತೇರಿನ ಅಲಂಕಾರ, ಮಂಟಪದ ಚಿತ್ರ. ಮದುವೆಗಳಿಗೆ ಬೆಂಡಿನ ಬಾಸಿಂಗಗಳನ್ನು ಕಟ್ಟುವುದೂ ಅವರ ಕಸುಬು. ಇದರಲ್ಲಿ ಮನೆಯ ಹೆಂಗಸರ ಕೈಯೂ ಸೇರುತ್ತದೆ. ಒಂದೇ ಮನೆಯಲ್ಲಿ ಅತಿ ಮೃದುವಾದ ಬೆಂಡೂ ಅತಿ ಬಿಗುವಾದ ಗಂಧದ ಚೇಗೂ ಒಟ್ಟಿಗೆ ಇದ್ದುವೆಂಬುದನ್ನು ಗಮನಿಸಬೇಕು.

ಈ ಒಂದು ಜನವನ್ನು ರಾಜಕೀಯವು ಎರಡು ಮಾಡಿತು. ಕೆನರಾ ಜಿಲ್ಲೆ ೧೮೬೦ರಲ್ಲಿ ಇಬ್ಭಾಗವಾಗಿ, ಉತ್ತರಭಾಗವು ೧೮೬೨ರಲ್ಲಿ ಬೊಂಬಾಯಿ ಆಧಿಪತ್ಯಕ್ಕೆ ಸೇರಿತು. ಸೊರಬ ಸಾಗರಗಳು ಮೈಸೂರಿನಲ್ಲಿಯೇ ಉಳಿದುವು. ಆದಕಾರಣ ರೈಸ್ ಸಾಹೇಬರ ಮೈಸೂರು ಗೆಜೆಟಿಯರು ಸೊರಬದ ಗುಡಿಗಾರರನ್ನು ವರ್ಣಿಸಿದರೆ, ೧೮೮೩ರಲ್ಲಿ ಹೊರಟ ಬೊಂಬಾಯಿ ಗೆಜೆಟಿಯರಿನ ಕೆನರಾ ಸಂಪುಟವು ಘಟ್ಟದ ಕೆಳಗಿನವರನ್ನು ಸೇರಿಸಿಕೊಂಡಿತು. ಕಪಾಟಿನ ಚೀಟಿಗಳು ಈ ಗಡಿಯನ್ನೇ ಅನುಸರಿಸಿದುವು. ೧೯೫೬ರಲ್ಲಿ ನಾಡು ಒಂದಾಯಿತು, ಚೀಟಿಗಳು ಒಂದಾಗಲಿಲ್ಲ. ‘ಬೊಂಬಾಯಿ ಪೆಟ್ಟಿಗೆ’ಯೆಂದು ಪ್ರಸಿದ್ಧವಾದುದು ಬೇರೆಯೇ ಒಂದು ಶಿಲ್ಪ. ಅದು ದಂತ, ಕೊಂಬು, ತವರಗಳ ಸಣ್ಣ ತುಣುಕುಗಳನ್ನು ಜೋಡಿಸಿ ಮರದ ಮೈಗೆ ಹಚ್ಚುವ ಕೆಲಸ. ಗುಡಿಗಾರರ ಕೆತ್ತನೆಯನ್ನು ಅದರೊಡನೆ ಬೆರಸಬಾರದು.

ಇನ್ನು ಮರದ ವಿಚಾರ. ಶ್ರೀಗಂಧವು ಚಿಕ್ಕ ಮರ. ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ತಗುಲಿಸಿ ಸಾರವನ್ನು ಹೀರಿ ಬೆಳೆಯುವ ಇದರಲ್ಲಿ ಪರಿಮಳವುಳ್ಳ ಚೇಗು ಕಟ್ಟುವುದಕ್ಕೆ ದಶಕಗಳು ಹಿಡಿಯುತ್ತವೆ. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಮರವನ್ನು ಕಡಿಯದೆ ಬುಡಸಹಿತ ಅಗೆದು ತೆಗೆಯುತ್ತಾರೆ. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಇದನ್ನು ರಾಜವೃಕ್ಷವೆಂದು ಸಾರಿದನು. ಮುಂದಿನ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ಸರ್ಕಾರದ ಗಂಧದ ಕೋಠಿಗಳಲ್ಲಿ ಮರವನ್ನು ಹದಿನೆಂಟು ತರಗತಿಗಳಾಗಿ ವಿಂಗಡಿಸುತ್ತಿದ್ದರು. ಮೊದಲನೆಯದಾದ ‘ವಿಲಾಯತ್ ಬುಧ್’ ಎಂಬುದರಲ್ಲಿ ಒಂದೊಂದು ತುಂಡು ೨೦ ಪೌಂಡಿಗೆ ಕಡಮೆಯಿಲ್ಲದೆ, ಟನ್ನಿಗೆ ೧೧೨ ತುಂಡುಗಳನ್ನು ಮೀರದಂತಿರಬೇಕು. ಎರಡನೆಯದಾದ ‘ಚೀನಾ ಬುಧ್’ಗೆ ೧೦ ಪೌಂಡು, ಮೂರನೆಯದಾದ ‘ಪಂಜಂ’ಗೆ ೫ ಪೌಂಡು. ಮೊದಲೆರಡು ಹೆಸರುಗಳು ಮರವು ಯಾವ ದೇಶಗಳ ಪೇಟೆಗೆ ಹೋಗುತ್ತಿತ್ತೆಂಬುದಕ್ಕೆ ಸಾಕ್ಷಿಯಾಗಿವೆ.

ಈ ಅಂಕಗಳನ್ನು ಬಡಗಿಯ ಕಣ್ಣಿನಿಂದ ಓದಬೇಕು. ಅತ್ಯುತ್ತಮವೆನಿಸಿದ ತುಂಡಿಗೇ ೨೦ ಪೌಂಡು ತೂಕ ಸಾಕಾಗುತ್ತಿತ್ತೆಂದ ಮೇಲೆ, ತೇಗದಲ್ಲಿ ದೊರೆಯುವಂಥ ಅಗಲವಾದ ಏಕಹಲಗೆ ಇದರಿಂದ ಬರುವುದು ಹೇಗೆ? ಆದುದರಿಂದಲೇ ಗಂಧದ ಪೆಟ್ಟಿಗೆಗಳು ಬಹುಮಟ್ಟಿಗೆ ಚಿಕ್ಕವು. ದೊಡ್ಡದನ್ನು ಮಾಡಬೇಕಾದಾಗ ಕಿರುಹಲಗೆಗಳನ್ನು ಪಕ್ಕಪಕ್ಕದಲ್ಲಿ ಕೂಡಿಸಬೇಕು, ಇಲ್ಲವೇ ಬೇರೆ ಮರದ ಚೌಕಟ್ಟಿನ ಮೇಲೆ ಗಂಧದ ಹಲಗೆಯನ್ನು ಹೊದಿಸಬೇಕು.

ಕೆಲಸದ ಕ್ರಮವು ಹೀಗೆ. ತುಂಡನ್ನು ಗರಗಸದಿಂದ ಸೀಳಿ, ಹಲಗೆಯನ್ನು ಹತ್ತರಿಯಿಂದ ನಯಗೊಳಿಸಿ, ಅದರ ಮೇಲೆ ಬಿಳಿಯ ಕಾಗದವನ್ನು ಅಂಟಿಸಿ ಚಿತ್ರವನ್ನು ಬರೆಯುತ್ತಾರೆ. ಗೆರೆಯ ಗುಂಟ ಸಣ್ಣ ಉಳಿಯಿಂದ ಕೊರೆದು, ಹಿನ್ನೆಲವನ್ನು ತಗ್ಗಿಸಿ, ಅನಂತರ ರೂಪಗಳನ್ನು ಬಿಡಿಸುತ್ತಾರೆ. ಹಲಗೆಗಳ ತುದಿಗಳನ್ನು ಹಲ್ಲುಗಳಂತೆ ಕತ್ತರಿಸಿ ಒಂದಕ್ಕೊಂದು ಕಚ್ಚಿಸಿ ಮೂಲೆಯನ್ನು ಕೂಡಿಸುವುದುಂಟು. ಮೇಲೆ ಗಾಢವಾದ ಬಣ್ಣವನ್ನು ಬಳಿಯುವುದಿಲ್ಲ. ಬಳಿದರೆ ಪರಿಮಳ ಮುಚ್ಚಿಹೋಗುವುದು. ಇಷ್ಟೂ ನಡೆಯುವುದು ಮನೆಯ ಜಗಲಿಯಲ್ಲಿ. ಹುಡುಗನು ಮೊದಲು ಸಾಣೆಕಲ್ಲಿನ ಮೇಲೆ ಉಳಿಯನ್ನು ಮಸೆಯುವುದನ್ನೂ ಬಳ್ಳಿಯನ್ನು ಬರೆಯುವುದನ್ನೂ ಕಲಿತು, ಆಮೇಲೆ ಮರವನ್ನು ಮುಟ್ಟುತ್ತಾನೆ. ನಾವು ಪಾಠಶಾಲೆಯಲ್ಲಿ ಶಬ್ದವನ್ನೂ ಧಾತುವನ್ನೂ ಬಾಯಿಪಾಠಮಾಡಿ ಆಮೇಲೆ ಕಾವ್ಯಕ್ಕೆ ಕೈಯಿಟ್ಟಂತೆಯೇ ಇದು.

ರೈಸ್ ಸಾಹೇಬರು ೧೮೯೭ರಲ್ಲಿ ಪರಿಷ್ಕರಿಸಿದ ತಮ್ಮ ಗೆಜೆಟಿಯರಿನಲ್ಲಿ ಎರಡು ಸಂಗತಿಗಳನ್ನು ಹೇಳಿದ್ದಾರೆ. ಹೆಣೆದುಕೊಂಡ ಬಳ್ಳಿ, ಎಲೆ, ದೇವತಾರೂಪಗಳಿಂದ ಮರದ ಮೈಯೆಲ್ಲ ಇನಿತೂ ಬರಿದಾಗಿ ಉಳಿಯದಂತೆ ತುಂಬುವುದು ಇವರ ರೀತಿಯೆಂಬುದು ಒಂದು. ಒಂದು ದೊಡ್ಡ ವಸ್ತುವಿಗೆ ಅನೇಕ ತಿಂಗಳು ಹಿಡಿಯುವುದರಿಂದ ಇವರು ಚಿಕ್ಕ ವಯಸ್ಸಿನಲ್ಲಿಯೇ ದೃಷ್ಟಿಯನ್ನು ಕಳೆದುಕೊಳ್ಳುತ್ತಾರೆಂದು ಜನ ಹೇಳುತ್ತಾರೆಂಬುದು ಇನ್ನೊಂದು. ಮೊದಲನೆಯದನ್ನು ಅವರು ಪ್ರಾಚ್ಯರ ಸಹಜಾಭಿರುಚಿಯೆಂದು ಭಾವಿಸಿದರು. ಆದರೆ ಅಷ್ಟೇ ಕಾರಣವಲ್ಲವೆಂದು ನನಗೆ ತೋರುವುದಕ್ಕೆ ಒಂದು ಪೆಟ್ಟಿಗೆ ನಿಮಿತ್ತವಾಯಿತು.

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರು ತಮ್ಮ ಮನೆಯ ಹಳೆಯ ಗಂಧದ ಪೆಟ್ಟಿಗೆಯನ್ನು, ಅಂಟು ಬಿಟ್ಟು ಮುಂಭಾಗದ ಹಲಗೆ ಕಳಚಿದ್ದ ಸ್ಥಿತಿಯಲ್ಲಿ, ನನಗೆ ತೋರಿಸಿದರು. ತಳದಲ್ಲಿ ಮಾರಿದ ಅಂಗಡಿಯ ಇಂಗ್ಲಿಷ್ ಚೀಟಿಯಿತ್ತು, ಮಾಡಿದವನ ಹೆಸರಿರಲಿಲ್ಲ. ಆದರೆ ಹೊರಗೆ ಕಾಣದ ಒಳ ಅಂಚುಗಳಲ್ಲಿ, ಯಾವ ಮೂಲೆಗೆ ಯಾವ ಹಲಗೆ ಕೂಡಬೇಕೆಂಬ ಗುರುತಿಗಾಗಿ, ೧, ೨, ೩, ೪ ಎಂಬ ಕನ್ನಡದ ಅಂಕಿಗಳನ್ನು ಉಳಿಯ ಮೊನೆಯಿಂದ ಗೀಚಿದ್ದರು. ಅಂಕಿಗಳಿಂದ ಊರು ಸಿದ್ಧಿಸದು; ಕನ್ನಡದಲ್ಲಿ ಎಣಿಸುವ ಕೈಯೊಂದು ಮಾತ್ರ ಸಿದ್ಧಿಸುತ್ತದೆ. ಇನ್ನೂ ಹೆಚ್ಚಿನದು ಆ ಹಲಗೆಯ ಹಿಂಬದಿಯಲ್ಲಿತ್ತು. ಅದು ಏಕಹಲಗೆಯಲ್ಲ, ಮೂರು ತುಂಡುಗಳ ಕೂಡಿಕೆ. ಹಿಂದೆ ನೆಟ್ಟಗೆ ಕಾಣುತ್ತಿದ್ದ ಎರಡು ಕೂಡುಗೆರೆಗಳನ್ನು ಮುಂದೆ ಹುಡುಕಿದರೆ, ಒಂದು ಬಳ್ಳಿಯ ಕಾಂಡದ ಅಂಚಿನಲ್ಲಿಯೂ ಇನ್ನೊಂದು ಚೌಕಟ್ಟಿನ ಗೆರೆಯಲ್ಲಿಯೂ ಅಡಗಿಹೋಗಿದ್ದುವು. ಬರಿಯ ಮೈಯನ್ನು ಬಿಟ್ಟಿದ್ದರೆ ಕೂಡಿಕೆ ಬಯಲಾಗುತ್ತಿತ್ತು. ಇಡೀ ಮೈಯನ್ನು ತುಂಬುವ ಕೆತ್ತನೆಯು ಅಭಿರುಚಿಯಷ್ಟೇ ಅಲ್ಲ, ಕಿರಿದಾದ ಮರದಿಂದ ಹಿರಿದಾದ ಪೆಟ್ಟಿಗೆಯನ್ನು ಮಾಡಬೇಕಾದವನ ಯುಕ್ತಿಯೂ ಹೌದೆಂದು ಇದರಿಂದ ಊಹಿಸಬಹುದು. ಒಂದು ಪೆಟ್ಟಿಗೆಯಿಂದ ವ್ಯಾಪ್ತಿಯನ್ನು ಹೇಳುವುದು ತರ್ಕಕ್ಕೆ ಸಲ್ಲದು. ಆದರೆ ಬೇರೆ ಪೆಟ್ಟಿಗೆಗಳ ಹಿಂಬದಿಯನ್ನು ನೋಡುವುದಕ್ಕೆ ಇದು ಸಾಕಾದ ಕಾರಣ.

ಸೊರಬದ ನೆರೆಯ ಬಳ್ಳಿಗಾವೆಯಲ್ಲಿಯೂ ಸಾಗರದ ಹತ್ತಿರದ ಇಕ್ಕೇರಿಯಲ್ಲಿಯೂ ಹಳೆಯ ದೇವಾಲಯಗಳಿವೆ. ಕಲ್ಲಿನ ಬಾಗಿಲವಾಡಗಳ ಲತಾಪಟ್ಟಿಕೆಗೂ ಪೆಟ್ಟಿಗೆಯ ಅಂಚಿನ ಬಳ್ಳಿಗೂ ಹೋಲಿಕೆಯುಂಟು. ಸಾದೃಶ್ಯಮಾತ್ರದಿಂದ ವಂಶವನ್ನು ಸಾಧಿಸಲಾಗದು. ಆದರೂ ಗುಡಿಯ ಕೆಲಸದವರು ಗುಡಿಯ ಬಳ್ಳಿಯನ್ನು ಪೆಟ್ಟಿಗೆಗೆ ತಂದುದರಲ್ಲಿ ಆಶ್ಚರ್ಯವಿಲ್ಲ.

ಮುಂದಿನ ಕಥೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ೧೯೧೪ರ ಮಹಾಯುದ್ಧದಿಂದ ಯೂರೋಪಿನ ಪೇಟೆ ಮುಚ್ಚಿದಾಗ ಮೈಸೂರು ಸರ್ಕಾರವು ೧೯೧೬ರಲ್ಲಿ ಗಂಧದೆಣ್ಣೆಯ ಕೈಗಾರಿಕೆಯನ್ನು ಆರಂಭಿಸಿತು. ಎಣ್ಣೆಗೆ ಬೇರೂ ಚಕ್ಕೆಯೂ ಹೊಟ್ಟೂ ಸಮವೇ. ಕೆತ್ತುವವನಿಗಾದರೋ ಬಿರುಕಿಲ್ಲದ ತುಂಡೇ ಬೇಕು. ೧೯೬೪ರಲ್ಲಿ ಕರಕುಶಲ ಅಭಿವೃದ್ಧಿ ನಿಗಮವು ಸ್ಥಾಪಿತವಾಗಿ ಮಾರಾಟಕ್ಕೆ ನೆರವಾಯಿತು. ೨೦೦೧ರಲ್ಲಿ ಅರಣ್ಯಕಾಯಿದೆಯ ತಿದ್ದುಪಡಿಯಿಂದ ಭೂಮಿಯ ಒಡೆಯನಿಗೆ ತನ್ನ ನೆಲದ ಗಂಧದ ಮರದ ಮೇಲೆ ಸ್ವಾಮ್ಯವು ದೊರೆಯಿತು. ಅಷ್ಟರಲ್ಲಿ ಕಾಡಿನ ಗಂಧವು ಬಹಳ ಕ್ಷೀಣಿಸಿತ್ತು. ಗುಡಿಗಾರರು ಬೇರೆ ಮರಗಳನ್ನೂ ಹಿಡಿದಿದ್ದಾರೆ. ಅಗಲವಾದ ಹಲಗೆ ದೊರೆತಲ್ಲಿ ಕೂಡಿಕೆಯನ್ನು ಮರೆಮಾಡುವ ಅಗತ್ಯವಿಲ್ಲ; ಬಳ್ಳಿ ಮಾತ್ರ ಉಳಿದಿರುತ್ತದೆ.

ನಿರ್ಣಯವಿಷ್ಟು. ಈ ಪೆಟ್ಟಿಗೆಗಳನ್ನು ರಾಜ್ಯದ ಹೆಸರಿನಿಂದ ಕರೆಯುವುದು ಸಾಲದು. ‘ಗುಡಿಗಾರರ ಕೆಲಸ’ವೆಂದೂ, ತಿಳಿದಲ್ಲಿ ಊರನ್ನೂ ಬರೆಯುವುದು ನ್ಯಾಯ. ವಸ್ತುಶಾಲೆಗಳವರು ಪೆಟ್ಟಿಗೆಯ ತಳವನ್ನೂ ಹಿಂಬದಿಯನ್ನೂ ಪರೀಕ್ಷಿಸಿ ಅಲ್ಲಿನ ಗುರುತುಗಳನ್ನು ದಾಖಲೆಮಾಡಬೇಕು. ಆ ಸೀಮೆಯ ಉಪಾಧ್ಯಾಯರು ಉಳಿಗಳ ಹೆಸರುಗಳನ್ನೂ ಬಳ್ಳಿಗಳ ಹೆಸರುಗಳನ್ನೂ ಹಿರಿಯರ ಬಾಯಿಂದ ಕೇಳಿ ಬರೆದಿಡಬೇಕು. ಕೋಶಗಳಲ್ಲಿ ಸೇರದ ಪದಗಳು ಅಲ್ಲಿರುವ ಸಂಭವವುಂಟು. ಕಣ್ಣನ್ನು ತೆತ್ತು ಕೆತ್ತಿದವನಿಗೆ ಒಂದು ಚೀಟಿಯಷ್ಟು ಸ್ಥಳವನ್ನು ಕೊಡುವುದು ನಮ್ಮಿಂದ ಆಗದ ಕೆಲಸವಲ್ಲ. ಇಲ್ಲಿ ದೋಷಗಳಿದ್ದರೆ ಪ್ರಾಜ್ಞರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.