ಹಳ್ಳಿಯಲ್ಲಿ ಕೂತು ಬರೆದವರ ಖರ್ಚು ಕೊಟ್ಟವರು ಯಾರು?

ಬ್ರೂಸ್‌ಪೇಟೆಯ ನಮ್ಮ ಮನೆ ಮಹಡಿಯಿಂದ ಮಾತಾಡ್ತಾ ಇದೀನಿ, ಹಿಂದೆ ಆಟೋ ಸದ್ದು ಬಂದರೆ ಸಹಿಸಿಕೊಳ್ಳಿ.

ಇವತ್ತಿನ ವಿಷಯ ಹೊಳೆದದ್ದು ಒಬ್ಬ ಗೆಳೆಯನಿಂದ. ಸಿರುಗುಪ್ಪ ಕಡೆಯ ಹಳ್ಳಿಯವನು. ಊರಿನ ಮೊಹರಂ, ಪೀರಲ ದೇವರು, ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರೂ ಕುಣಿಯೋದು, ಇದರ ಮೇಲೆ ಪಿಎಚ್.ಡಿ. ಮಾಡ್ತಿದ್ದ. ಶಿಷ್ಯವೇತನ ಮಂಜೂರಾಗಿತ್ತು, ಕೈಗೆ ಮಾತ್ರ ಬರಲಿಲ್ಲ. ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತೆ, ಬಿಲ್ ಪಾಸಾಗೋ ತನಕ ಕಾಯಲ್ಲ. ಎರಡು ಮೊಹರಂ ಹಾಗೇ ಹೋದವು. ಈಗ ರೈಸ್ ಮಿಲ್‌ನಲ್ಲಿ ಲೆಕ್ಕ ಬರೀತಾನೆ. ಬಿ.ಕಾಂ. ಓದಿದ ನಾನು ಮಾಡಬೇಕಿದ್ದ ಕೆಲಸ ಅದು!

ಹಾಗಾಗಿ ನಾನು ಹಳೇ ಲೆಕ್ಕ ತೆಗೆದೆ. ನಮ್ಮ ಹಳ್ಳಿಗಳ ಬಗ್ಗೆ ಬರೆದವರಿಗೆ ದುಡ್ಡು ಎಲ್ಲಿಂದ ಬಂತು?

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಅದಕ್ಕೇ ನಮ್ಮ ಹಳೇ ಮಾಹಿತಿಯೆಲ್ಲ ಮದ್ರಾಸ್ ಸರ್ಕಾರದ ಪುಸ್ತಕಗಳಲ್ಲಿ ಸಿಗುತ್ತೆ. ಬಳ್ಳಾರಿ ಸೀಮೆಯ ಬಸವಿ ಪದ್ಧತಿ ಬಗ್ಗೆ 1890ರ ದಶಕದ ಆರಂಭದಲ್ಲಿ ಬರೆದ ಫ್ರೆಡ್ ಫಾಸೆಟ್ ಪೊಲೀಸ್ ಅಧಿಕಾರಿ. ದೇವರಿಗೆ ಬಿಟ್ಟ ಮಗಳಿಗೆ ಮಗನ ಹಕ್ಕು ಬರುತ್ತಿದ್ದುದನ್ನು ಆತ ದಾಖಲಿಸಿದ. ಆದರೆ ಸ್ವಲ್ಪ ಯೋಚಿಸಿ: ಪೊಲೀಸ್ ಸಾಹೇಬ ಜಗಲಿ ಮೇಲೆ ಕೂತು ಕೇಳಿದರೆ ಯಾವ ತಾಯಿ ಪೂರ್ತಿ ನಿಜ ಹೇಳ್ತಾಳೆ? ಆಮೇಲೆ ಬಂದ ಎಡ್ಗರ್ ಥರ್ಸ್ಟನ್ ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥ. ಕೆ. ರಂಗಾಚಾರಿ ಜೊತೆ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದ. ಜನರ ಮೂಗು, ತಲೆ ಅಳೆಯೋದು ಇವನ ವಿಧಾನ. ಇಬ್ಬರಿಗೂ ಸರ್ಕಾರದ ಸಂಬಳ, ಕೇಳುವ ಪ್ರಶ್ನೆಯೂ ಸರ್ಕಾರಕ್ಕೆ ಬೇಕಾದದ್ದೇ.

ಇನ್ನೊಂದು ಥರದ ಲೆಕ್ಕ ಮೈಸೂರಿನ ಎಂ. ಎನ್. ಶ್ರೀನಿವಾಸ್ ಅವರದು. ಆಕ್ಸ್‌ಫರ್ಡ್‌ನಲ್ಲಿ ಅವರಿಗೆ ಉಪನ್ಯಾಸಕ ಹುದ್ದೆ ಸಿಕ್ಕಾಗ, ಇವಾನ್ಸ್-ಪ್ರಿಚರ್ಡ್ ಮೊದಲ ವರ್ಷ ಪಾಠದ ಬದಲು ಹಳ್ಳಿಯಲ್ಲಿರೋಕೆ ಬಿಟ್ಟುಕೊಟ್ಟರು. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಊರಿಗೆ ಹೋದರು. ಪುಸ್ತಕದಲ್ಲಿ ಆ ಊರಿಗೆ ಇಟ್ಟ ಹೆಸರು ರಾಮ್‌ಪುರ. ಗೌಡರ ಎತ್ತಿನ ಮನೆಯಲ್ಲೇ ವಾಸ. ಗದ್ದೆ, ಜಗಳ, ಪಂಚಾಯ್ತಿ, ಹಬ್ಬ ಎಲ್ಲ ನೋಡಿದರು. ತಾನು ಹೆಚ್ಚಾಗಿ ಮೇಲ್ಜಾತಿಯವರ ನಡುವೆಯೇ ಓಡಾಡಿದೆ ಅಂತ ಅವರೇ ಒಪ್ಪಿಕೊಂಡಿದಾರೆ. ಆ ಪ್ರಾಮಾಣಿಕತೆ ನನಗೆ ಇಷ್ಟ.

1970ರ ಏಪ್ರಿಲ್ 24. ಶ್ರೀನಿವಾಸ್ ಆಗ ಸ್ಟ್ಯಾನ್‌ಫರ್ಡ್‌ನ ಒಂದು ಕೇಂದ್ರದಲ್ಲಿ ಫೆಲೋ. ಯಾರೋ ಬೆಂಕಿ ಹಚ್ಚಿದರು. ಹದಿನೆಂಟು ವರ್ಷಗಳಲ್ಲಿ ವಿಂಗಡಿಸಿಟ್ಟಿದ್ದ ಟಿಪ್ಪಣಿಯ ಮೂರೂ ಪ್ರತಿ ಸುಟ್ಟವು. ಆದರೂ ನೆನಪಿನಿಂದಲೇ ಬರೆದರು, ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ನನ್ನ ಕಾಮರ್ಸ್ ಬುದ್ಧಿಗೆ ಇಲ್ಲಿ ಕಾಣೋದು ಬೇರೆ. ಟಿಪ್ಪಣಿ ಸುಟ್ಟ ಮಾರನೇ ದಿನವೂ ಅವರ ಫೆಲೋಶಿಪ್ ಇತ್ತು. ಕೂತು ನೆನಪು ಮಾಡಿಕೊಳ್ಳೋಕೆ ಒಂದು ಮೇಜು, ಒಂದಿಷ್ಟು ತಿಂಗಳು ಇದ್ದವು.

ಈಗ ದಾರಿಗಳು ಇಲ್ಲವೆಂದಲ್ಲ. 1945ರಲ್ಲಿ ಶುರುವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರ ಮೈಸೂರಿನಲ್ಲೇ ಇದೆ. ಯುಜಿಸಿಯ ಜೆಆರ್‌ಎಫ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಆ ಪರೀಕ್ಷೆಯಲ್ಲಿ ಮೇಲಿನ ಸಾಲಿಗೆ ಬರದ ಹಳ್ಳಿ ಹುಡುಗರು ಉಳಿದ ಸಣ್ಣ ಶಿಷ್ಯವೇತನಗಳನ್ನೇ ನಂಬಬೇಕು. ನನ್ನ ಗೆಳೆಯನದ್ದೂ ಅಂಥದ್ದೇ ಒಂದು. ಅವನಿಗೆ ಎತ್ತಿನ ಮನೆ ಬೇಕಿರಲಿಲ್ಲ, ಸ್ವಂತ ಮನೆಯೇ ಊರಲ್ಲಿದೆ. ಅಲಾಯಿ ಕುಣಿ ತೋಡೋ ಅಜ್ಜ ಅವನನ್ನ ಎತ್ತಿ ಆಡಿಸಿದವರು. ಫಾಸೆಟ್‌ಗೆ ಹೇಳದ ಮಾತು ಇವನಿಗೆ ಹೇಳ್ತಾರೆ. ಬೇಕಿದ್ದದ್ದು ಬಸ್ ಚಾರ್ಜು, ಒಂದು ರೆಕಾರ್ಡರ್, ಮನೆಗೆ ತಿಂಗಳ ರೇಷನ್ನು.

ಅಜ್ಜನಿಗೆ ಈಗ ಎಂಬತ್ತು ದಾಟಿದೆ. ಮುಂದಿನ ಮೊಹರಂಗೆ ಮಿಲ್‌ನಲ್ಲಿ ಎರಡು ದಿನ ರಜೆ ಕೇಳ್ತೀನಿ ಅಂದಿದಾನೆ ಗೆಳೆಯ. ರೆಕಾರ್ಡರ್ ನನ್ನದು, ಬಸ್ ಚಾರ್ಜೂ ನನ್ನದೇ.