ಅರಿವಳಿಕೆ ವೈದ್ಯರ ತರಬೇತಿ: ಬಳ್ಳಾರಿ–ದಾವಣಗೆರೆ ಸೀಮೆ

ಎಂ.ಬಿ.ಬಿ.ಎಸ್. ಮುಗಿಸಿದ ವೈದ್ಯರು ಆಪರೇಷನ್ ಥಿಯೇಟರಿನಲ್ಲಿ ದುಡಿಯುತ್ತಲೇ, ಹಿರಿಯರ ಕಣ್ಣೆದುರು ಅರಿವಳಿಕೆ ಕೊಡುವುದನ್ನು ಕಲಿಯುವ ಮೂರು ವರ್ಷಗಳ ಸ್ನಾತಕೋತ್ತರ ಶಿಕ್ಷಣ ಇದು. ಆಸ್ಪತ್ರೆಗಳಲ್ಲಿ ಇವರನ್ನು ಕರೆಯುವುದು ‘ಪಿ.ಜಿ.’ಗಳೆಂದು. ಹರಪನಹಳ್ಳಿ ತಾಲ್ಲೂಕಿನ ನೀಲಗುಂದ, ಭೀಮೇಶ್ವರ ದೇವಾಲಯದ ಊರು. ಅಲ್ಲಿನ ಬಸುರಿಗೆ ಸಿಸೇರಿಯನ್ ಬೇಕಾದರೆ ಮೊದಲು ಹರಪನಹಳ್ಳಿ, ಅಲ್ಲಿ ಆಗದಿದ್ದರೆ ದಾವಣಗೆರೆ. ಹರಪನಹಳ್ಳಿಯಲ್ಲೇ ಆಗುತ್ತದೆಯೋ ಇಲ್ಲವೋ ಎಂಬುದು ಬಹಳ ಸಲ ಅರಿವಳಿಕೆ ವೈದ್ಯರು ಇದ್ದಾರೆಯೇ ಎಂಬುದರ ಮೇಲೆ ನಿಂತಿರುತ್ತದೆ. ಹಾಗಾಗಿ ಈ ವೈದ್ಯರು ಎಲ್ಲಿ, ಹೇಗೆ ತಯಾರಾಗುತ್ತಾರೆ ಎಂಬುದು ಕಾಲೇಜಿನ ಒಳಗಿನ ವಿಚಾರ ಮಾತ್ರವಲ್ಲ.

1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಪ್ರಯೋಗವನ್ನು ಸಾರ್ವಜನಿಕವಾಗಿ ತೋರಿಸಿದ. ಮರುವರ್ಷದ ಮಾರ್ಚಿನಲ್ಲೇ ಅದು ಕಲ್ಕತ್ತೆಗೆ ಬಂತು. ಆದರೆ ಅದನ್ನು ಕೊಡುವವರಿಗೆ ತರಬೇತಿ ಎಂಬುದು ಬಹುಕಾಲ ಇರಲಿಲ್ಲ. ತಂತಿಯ ಮುಖವಾಡದ ಮೇಲೆ ಬಟ್ಟೆ ಹಾಸಿ ಈಥರನ್ನೋ ಕ್ಲೋರೋಫಾರ್ಮನ್ನೋ ಹನಿಹನಿಯಾಗಿ ಬಿಡುವ ಕೆಲಸ ಕಿರಿಯ ವೈದ್ಯರಿಗೋ ಕಾಂಪೌಂಡರಿಗೋ ಬೀಳುತ್ತಿತ್ತು. ನೋಡಿ ಕಲಿತದ್ದೇ ವಿದ್ಯೆ.

ಕಲಿಸುವುದರ ಬಗ್ಗೆ ಗಂಭೀರ ಚರ್ಚೆ ನಮ್ಮ ನೆರೆಯಲ್ಲೇ ಎದ್ದಿತು. ಹೈದರಾಬಾದಿನ ವೈದ್ಯಕೀಯ ಶಾಲೆಯ ಎಡ್ವರ್ಡ್ ಲಾರಿ, ಕ್ಲೋರೋಫಾರ್ಮ್ ಕೊಡುವಾಗ ಉಸಿರನ್ನು ಕಾದರೆ ಸಾಕು, ನಾಡಿಯ ಚಿಂತೆ ಬೇಡ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದರು. ಇದನ್ನು ಒರೆಗೆ ಹಚ್ಚಲು ನಿಜಾಮರ ನೆರವಿನಿಂದ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕುಳಿತವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು. ಆಯೋಗ ಲಾರಿಯವರ ಮಾತನ್ನೇ ಎತ್ತಿಹಿಡಿಯಿತು. ಆದರೆ ಕ್ಲೋರೋಫಾರ್ಮ್ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೀವಿ ತೋರಿಸಿದರು. ಲಾರಿಯವರ ತೀರ್ಮಾನ ಅರ್ಧ ಮಾತ್ರ ಸರಿಯಾಗಿತ್ತು. ಉಸಿರಿನ ಮೇಲೆ ಎಡೆಬಿಡದ ಕಣ್ಣು ಎಂಬ ಅವರ ಪಾಠ ಮಾತ್ರ ಇಂದಿಗೂ ಮೊದಲ ಪಾಠ. ಅದೇ ಶಾಲೆಯಲ್ಲಿ ಓದಿದ ರೂಪಾಬಾಯಿ ಫರ್ದೂನ್‌ಜಿ ಅರಿವಳಿಕೆಯನ್ನೇ ವೃತ್ತಿಯಾಗಿಸಿಕೊಂಡ ಜಗತ್ತಿನ ಮೊದಲ ಮಹಿಳಾ ವೈದ್ಯೆಯರಲ್ಲಿ ಒಬ್ಬರು. ಕನ್ನಡದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಈ ಹೆಸರು ಗೊತ್ತಿರಲೇಬೇಕು.

ಇಂದಿನ ರೆಸಿಡೆನ್ಸಿ ಪದ್ಧತಿಯ ತಳಹದಿ ಹಾಕಿದವರು ರಾಲ್ಫ್ ವಾಟರ್ಸ್. 1927ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿದ ಅವರು ಥಿಯೇಟರಿನ ಕೆಲಸ, ವಾರದ ಚರ್ಚೆ ಮತ್ತು ಸಂಶೋಧನೆಯನ್ನು ಒಂದೇ ಶಿಕ್ಷಣದಲ್ಲಿ ಕೂಡಿಸಿದರು. ತಪ್ಪಿದ ಕೇಸುಗಳನ್ನು ಎಲ್ಲರೆದುರು ಬಿಚ್ಚಿ ಮಾತಾಡುವ ರೂಢಿಯೂ ಈ ಪರಂಪರೆಯದೇ. ಬ್ರಿಟನ್ನಿನಲ್ಲಿ ಡಿ.ಎ. ಡಿಪ್ಲೊಮಾ ಪರೀಕ್ಷೆ 1935ರಲ್ಲಿ ಆರಂಭವಾಯಿತು. ಭಾರತ ಎರಡನ್ನೂ ಬೆರೆಸಿಕೊಂಡಿತು: ಎರಡು ವರ್ಷದ ಡಿ.ಎ., ಮೂರು ವರ್ಷದ ಎಂ.ಡಿ. ಭಾರತೀಯ ಅರಿವಳಿಕೆ ತಜ್ಞರ ಸಂಘ ಹುಟ್ಟಿದ್ದು 1947ರಲ್ಲಿ.

ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳೂ ಅದರೊಡನೆ ಮೈಸೂರಿಗೆ ಬಂದವು. ಹತ್ತಿರದಲ್ಲಿ ಕಾಲೇಜುಗಳು ಬಂದದ್ದು ಆಮೇಲೆ: ಹುಬ್ಬಳ್ಳಿಯಲ್ಲಿ 1957, ಬಳ್ಳಾರಿಯಲ್ಲಿ 1961, ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆಯ ಜೆ.ಜೆ.ಎಂ. 1965. ಜೆ.ಜೆ.ಎಂ. ವಿದ್ಯಾರ್ಥಿಗಳು ಕಲಿಯುವ ಸರ್ಕಾರಿ ಆಸ್ಪತ್ರೆ ಹೊತ್ತಿರುವುದು ಹರಪನಹಳ್ಳಿ ತಾಲ್ಲೂಕಿನದೇ ಆದ ಚಿಗಟೇರಿಯ ಹೆಸರನ್ನು. ಬಳ್ಳಾರಿಯ ಕಾಲೇಜು ಮುಂದೆ ‘ವಿಮ್ಸ್’ ಎಂದೇ ಮನೆಮಾತಾಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಇವೆಲ್ಲಕ್ಕೂ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ ಬಂತು.

ಕಲಿಕೆ ನಡೆಯುವ ಬಗೆ ಹೀಗೆ. ಶಸ್ತ್ರಚಿಕಿತ್ಸೆಗೆ ಮೊದಲು ಪಿ.ಜಿ. ರೋಗಿಯನ್ನು ಕಂಡು ಮಾತಾಡಿಸಬೇಕು: ಸಕ್ಕರೆ, ಬಿ.ಪಿ., ಆಸ್ತಮಾ ಇದೆಯೇ, ಬೀಡಿ ಸೇದುತ್ತಾರೆಯೇ, ಹಿಂದೆ ಆಪರೇಷನ್ ಆಗಿತ್ತೇ. ಬಾಯಿ ತೆರೆಸಿ ಗಂಟಲು ಎಷ್ಟು ಕಾಣುತ್ತದೆಂದು ನೋಡಿ ದರ್ಜೆ ಬರೆಯಬೇಕು. ಈ ದರ್ಜೆಗಳಿಗೆ ಹೆಸರು ಕೊಟ್ಟ ಮಲ್ಲಂಪಾಟಿ ಆಂಧ್ರ ಮೂಲದವರು. ಅವರ ಲೇಖನ ಪ್ರಕಟವಾದದ್ದು 1985ರಲ್ಲಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಥಿಯೇಟರಿಗೆ ಬಂದು ಯಂತ್ರ, ಆಮ್ಲಜನಕ, ಸಕ್ಷನ್, ಲ್ಯಾರಿಂಗೋಸ್ಕೋಪಿನ ಬಲ್ಬು ಪರೀಕ್ಷಿಸಬೇಕು. ಸಿರಿಂಜಿಗೆ ಔಷಧ ತುಂಬಿದೊಡನೆ ಹೆಸರು ಅಂಟಿಸಬೇಕು.

ಮೊದಲ ವರ್ಷ ಕೈ ಪಳಗುವ ವರ್ಷ. ಹೊಸಬರಿಗೆ ಗಂಟಲಿಗೆ ಟ್ಯೂಬ್ ಹಾಕುವ ಆತುರ. ಒಳ್ಳೆಯ ಮೇಷ್ಟ್ರು ಮೊದಲು ಮಾಸ್ಕ್ ಹಿಡಿಸುತ್ತಾರೆ. ದವಡೆ ಎತ್ತಿ, ಗಾಳಿ ಸೋರದಂತೆ ಮಾಸ್ಕ್ ಒತ್ತಿ, ಇನ್ನೊಂದು ಕೈಯಲ್ಲಿ ಬ್ಯಾಗ್ ಹಿಂಡಿ ಎದೆ ಏರುವುದನ್ನು ನೋಡಲು ಬಂದರೆ, ಟ್ಯೂಬ್ ಹೋಗದ ದಿನವೂ ರೋಗಿ ಉಳಿಯುತ್ತಾನೆ. ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್ನಿನ ಕಥೆಯೂ ಅಷ್ಟೇ. ಸೂಜಿ ಸರಿಯಾದ ಜಾಗಕ್ಕೆ ಹೋಗಿ ನೀರು ತೊಟ್ಟಿಕ್ಕುವುದು ಕೆಲಸದ ಅರ್ಧ. ಆಮೇಲಿನ ಕೆಲವು ನಿಮಿಷಗಳಲ್ಲಿ ಬಿ.ಪಿ. ಕುಸಿಯುವುದನ್ನು ಕಾದು ಹಿಡಿಯುವುದು ಇನ್ನರ್ಧ.

ಈ ಸೀಮೆಯ ಪಿ.ಜಿ.ಗಳಿಗೆ ಪುಸ್ತಕದಾಚೆಯ ಪಾಠಗಳೂ ಎದುರಾಗುತ್ತವೆ. ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದು ಬಂದವರ ದೇಹದಲ್ಲಿ ಕೋಲಿನೆಸ್ಟರೇಸ್ ಕಿಣ್ವ ಕುಂದಿರುತ್ತದೆ. ಅಂಥವರಿಗೆ ಟ್ಯೂಬ್ ಹಾಕಲು ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ನಿಮಿಷಗಳಲ್ಲಿ ಇಳಿಯಬೇಕಾದ ಪರಿಣಾಮ ಗಂಟೆಗಟ್ಟಲೆ ಎಳೆಯಬಹುದು. ಕಟ್ಟುಹಾವು ಕಚ್ಚಿದವರ ಉಸಿರಾಟದ ಸ್ನಾಯುಗಳೇ ಸೋತು ವೆಂಟಿಲೇಟರ್ ಬೇಕಾಗುತ್ತದೆ. ಬಸುರಿಯರಲ್ಲಿ ರಕ್ತಹೀನತೆ. ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಬೆನ್ನೆಲುಬು ಬಿಗಿದವರಿಗೆ ಸ್ಪೈನಲ್ ಸೂಜಿ ಹಾದುಹೋಗುವುದೇ ಕಷ್ಟ. ಪ್ರತಿ ಪಿ.ಜಿ.ಯೂ ಒಂದು ಪ್ರಬಂಧ ಬರೆಯಬೇಕು. ಸ್ಪೈನಲ್‌ಗೆ ಕೊಡುವ ಬುಪಿವಕೇನ್ ಜೊತೆ ಈ ಔಷಧ ಸೇರಿಸಿದರೆ ಹೇಗೆ, ಆ ಔಷಧ ಸೇರಿಸಿದರೆ ಹೇಗೆ ಎಂಬ ವಿಷಯಗಳೇ ಮತ್ತೆಮತ್ತೆ ಬರುತ್ತವೆ. ಇಷ್ಟೆಲ್ಲ ಕಣ್ಣೆದುರೇ ಇರುವಾಗ ಈ ನೆಲದ ಬೆನ್ನುಗಳ ಮೇಲೆ ಇನ್ನಷ್ಟು ಪ್ರಬಂಧಗಳು ಬರಬೇಕಿತ್ತು.

ಎರಡನೆಯ ವರ್ಷದಿಂದ ಹೆರಿಗೆ, ಮಕ್ಕಳ ಶಸ್ತ್ರಚಿಕಿತ್ಸೆ, ತುರ್ತು ಘಟಕದ ಹೊಣೆ ಹೆಚ್ಚುತ್ತದೆ. ನಡುವೆ ಸೆಮಿನಾರ್, ಜರ್ನಲ್ ಕ್ಲಬ್, ಕೇಸ್ ಪ್ರೆಸೆಂಟೇಷನ್. ಮಾಡಿದ್ದೆಲ್ಲ ಲಾಗ್‌ಬುಕ್‌ನಲ್ಲಿ ದಾಖಲಾಗಬೇಕು. ಕೊನೆಗೆ ನಾಲ್ಕು ಲಿಖಿತ ಪತ್ರಿಕೆ, ರೋಗಿಯ ಎದುರಿನ ಪರೀಕ್ಷೆ, ಔಷಧ–ಯಂತ್ರ–ಇ.ಸಿ.ಜಿ. ಮುಂದಿಟ್ಟು ನಡೆಸುವ ವೈವಾ. ಈಗ ಗೊಂಬೆಗಳ ಮೇಲೆ ಹೃದಯ ಪುನಶ್ಚೇತನದ ಅಭ್ಯಾಸವೂ ಅಲ್ಟ್ರಾಸೌಂಡ್ ನೋಡಿ ನರಕ್ಕೆ ಇಂಜೆಕ್ಷನ್ ಕೊಡುವುದೂ ಸೇರಿವೆ. ನಿದ್ದೆಗೆಟ್ಟ ರಾತ್ರಿಗಳ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ಒಮ್ಮೆಗೆ 12 ಗಂಟೆಗೆ ಮೀರದ ಡ್ಯೂಟಿ ಎಂದಿತು. 2023ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ‘ಸಮಂಜಸ’ ಗಂಟೆಗಳು ಎಂದಷ್ಟೇ ಹೇಳುತ್ತದೆ. ಎಚ್ಚರವೇ ಕಸುಬಾಗಿರುವವರಿಗೆ ಅಂಕಿಯೇ ಇಲ್ಲದ ನಿಯಮ ಸಾಲದು.

ತಾಲ್ಲೂಕು ಆಸ್ಪತ್ರೆಗಳ ಕೊರತೆ ನೀಗಲು ಇನ್ನೊಂದು ದಾರಿಯನ್ನೂ ಸರ್ಕಾರ ಹಿಡಿಯಿತು. ಸಾಮಾನ್ಯ ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರ ಜೀವರಕ್ಷಕ ಅರಿವಳಿಕೆ ತರಬೇತಿ ಕೊಟ್ಟು, ತುರ್ತು ಹೆರಿಗೆ ಶಸ್ತ್ರಚಿಕಿತ್ಸೆಗೆ ನೆರವಾಗಲು ಬಿಡುವ ಯೋಜನೆ ಅದು. ಗ್ರಾಮೀಣ ಆರೋಗ್ಯ ಅಭಿಯಾನದ ಕಾಲದಲ್ಲಿ ಹರಡಿತು. ಮೂರು ವರ್ಷದ ಕಲಿಕೆಗೆ ಇದು ಸಾಟಿಯಲ್ಲ, ಸಾಟಿಯೆಂದು ಯಾರೂ ಹೇಳಲೂ ಇಲ್ಲ. ಎರಡು ವರ್ಷದ ಡಿ.ಎ. ಸೀಟುಗಳು ಕಾಲೇಜುಗಳಲ್ಲಿ ಎಂ.ಡಿ. ಸೀಟುಗಳಾಗಿ ಬದಲಾದವು. 2020ರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿ ಆಸ್ಪತ್ರೆಗಳಲ್ಲಿ ಮತ್ತೆ ಎರಡು ವರ್ಷದ ಡಿಪ್ಲೊಮಾ ತೆರೆದಾಗ ಅದರಲ್ಲಿ ಅರಿವಳಿಕೆಯೂ ಇತ್ತು. ಕರ್ನಾಟಕದಲ್ಲಿ ಓದಿದವರು ಒಂದು ವರ್ಷ ಕಡ್ಡಾಯ ಸೇವೆ ಸಲ್ಲಿಸಬೇಕೆಂಬ 2012ರ ಕಾಯ್ದೆ 2015ರಲ್ಲಿ ಜಾರಿಗೆ ಬಂತು.

ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಗಳ 2020ರ ತಿದ್ದುಪಡಿಯ ಮೂಲಕ ಜಿಲ್ಲಾ ರೆಸಿಡೆನ್ಸಿ ಬಂದದ್ದು ಈ ಇತಿಹಾಸದ ಇತ್ತೀಚಿನ ತಿರುವು. ಮೂರರಿಂದ ಐದನೆಯ ಸೆಮಿಸ್ಟರಿನೊಳಗೆ ಪ್ರತಿ ಪಿ.ಜಿ.ಯೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಂಥ ಕಡೆ ಕೆಲಸ ಮಾಡಲೇಬೇಕು. ಅದನ್ನು ತೃಪ್ತಿಕರವಾಗಿ ಮುಗಿಸದವರಿಗೆ ಅಂತಿಮ ಪರೀಕ್ಷೆಗೆ ಪ್ರವೇಶವಿಲ್ಲ. ಕಾಲೇಜಿನಲ್ಲಿ ಕೂಗಿದರೆ ಬರುವಷ್ಟು ಹತ್ತಿರದಲ್ಲಿ ಹಿರಿಯರಿರುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಾದರೆ ಸಿಲಿಂಡರಿನಲ್ಲಿ ಎಷ್ಟು ಆಮ್ಲಜನಕ ಉಳಿದಿದೆ, ರಕ್ತ ಎಲ್ಲಿಂದ ತರಬೇಕು, ಆ್ಯಂಬುಲೆನ್ಸ್ ದಾವಣಗೆರೆಗೋ ಬಳ್ಳಾರಿಗೋ ಹೊರಡಬೇಕಾದರೆ ಅದಕ್ಕೂ ಮೊದಲು ಟ್ಯೂಬ್ ಹಾಕಬೇಕೇ, ಜೊತೆಯಲ್ಲಿ ಯಾರು ಹೋಗಬೇಕು ಎಂದು ಅಲ್ಲೇ ನಿಂತು ತೀರ್ಮಾನಿಸಬೇಕಾಗುತ್ತದೆ.